ಒಳಗೆ ಯಾರಾದರೂ ಇದ್ದೀರಾ?

ಕಾಗೆ ಇನ್ನೂ ಬೆಳ್ಳಗಿದ್ದ ಕಾಲದಲ್ಲಿ ಒಂದೂರಿಗೆ ಒಬ್ಬ ರಾಜನಿದ್ದ. ರಾಜನಿಗೊಂದು ಖಜಾನೆ, ಖಜಾನೆಗೊಬ್ಬ ಬೀಗದವನು. ಒಂದು ಸಂಜೆ ಬೀಗದವನಿಗೆ ಎಲ್ಲಿಲ್ಲದ ಅವಸರ. ಪಕ್ಕದೂರಲ್ಲಿ ಹಬ್ಬದ ಬೊಂಬೆಯಾಟ. ಒಳಗೆ ಇಣುಕಿಯೂ ನೋಡದೆ ಬಾಗಿಲೆಳೆದು ಬೀಗ ಜಡಿದು ಓಡಿದ. ಹಬ್ಬ ಮುಗಿದು ಬಾಗಿಲು ತೆರೆದಾಗ, ಲೆಕ್ಕ ಬರೆಯುವ ಮುದುಕ ಒಣಗಿದ ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡಿದ್ದ. ರಾಜ ಬೀಗದವನ ತಲೆ ತೆಗೆಸಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಕೊಟ್ಟ. "ನಿನ್ನ ವಂಶ ಇರೋ ತನಕ, ಬೀಗ ಹಾಕೋ ಮುಂಚೆ ಮೂರು ಸಲ ಕೂಗಿ ಕೇಳು, ಒಳಗೆ ಯಾರಾದರೂ ಇದ್ದೀರಾ ಅಂತ. ಕೇಳದ ದಿನ ಮನೆ ಒಬ್ಬರನ್ನ ನುಂಗುತ್ತೆ."

ಅಮ್ಮಣ್ಣಿ ಅಜ್ಜಿ ಈ ಕಥೆ ಹೇಳುತ್ತಿದ್ದದ್ದು ಮೊಮ್ಮಗಳು ಇಂಚರಳ ಬಾಯಿಗೆ ಮೊಸರನ್ನದ ಕೊನೆಯ ತುತ್ತು ಇಡುವಾಗ. ಈಗ ಇಂಚರ ಸಬ್ ಇನ್ಸ್‌ಪೆಕ್ಟರ್. ಗುರುವಾರ ಬೆಳಿಗ್ಗೆ ಸಾರಕ್ಕಿಯ ಹಳೆ ಅಮಲ್ದಾರ್ ಬಂಗಲೆಯ ಖಜಾನೆ ಕೋಣೆಯಲ್ಲಿ ನಿಂತಾಗ, ಆ ತುತ್ತು ಮತ್ತೆ ಗಂಟಲಿಗೆ ಬಂದಂತಾಯಿತು.

ಎದುರಿಗೆ ಒಡೆದ ಗೋಡೆ. ಅದರ ಹಿಂದಿನ ಗೂಡಿನಲ್ಲಿ ಬಂಗಲೆಯ ಕಾವಲುಗಾರ ತಿಮ್ಮರಾಯಪ್ಪ ಕೂತಿದ್ದ. ಸತ್ತು ದಿನಗಳಾಗಿದ್ದವು. ಬೆರಳುಗಳಲ್ಲಿ ಉಗುರೇ ಉಳಿದಿರಲಿಲ್ಲ.

"ಯಾರು ಒಡೆಸಿದ್ದು?"

"ನಾನು." ಬಾಗಿಲ ಬಳಿ ನಿಂತಿದ್ದ ಹೆಂಗಸು ಕೈ ಎತ್ತಿದಳು. ಶ್ವೇತ. ಬಂಗಲೆಯ ಜೀರ್ಣೋದ್ಧಾರ ನೋಡಿಕೊಳ್ಳುವ ಆರ್ಕಿಟೆಕ್ಟ್. ರಜೆ ಮುಗಿಸಿ ಅವತ್ತಷ್ಟೇ ಬಂದಿದ್ದಳು. "ಹಿಂದೆ ಖಜಾನೆ ಪೆಟ್ಟಿಗೆ ಇಡ್ತಿದ್ದ ಗೂಡು ಇದು. ತೆರೆದೇ ಇರಬೇಕಿತ್ತು. ರಜೆಗೆ ಹೋಗ್ವಾಗ ಈ ಕೋಣೆ ಕೆಲಸ ನಿಲ್ಲಿಸಿ ಹೋಗಿದ್ದೆ, ಯಾರೂ ಬರೋ ಹಾಗಿರ್ಲಿಲ್ಲ. ಬಂದು ನೋಡಿದ್ರೆ ಗೋಡೆ ಎದ್ದಿದೆ. ಒಂದು ಇರುವೆನೂ ಇಲ್ಲ."

"ಇರುವೆ?"

ಶ್ವೇತ ಪಕ್ಕದ ಗೋಡೆ ತೋರಿಸಿದಳು. ಹಸಿ ಗಾರೆಯ ಮೇಲೆ ಇರುವೆ ಸಾಲು ಸಾಲಾಗಿ ಹರಿಯುತ್ತಿತ್ತು.

"ಹಳೇ ಕಾಲದ ಪದ್ಧತಿ ಮೇಡಂ. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೀತೀವಿ. ವಾರಗಟ್ಟಲೆ ಮೆತ್ತಗಿರುತ್ತೆ, ಇರುವೆ ಬಿಡೋದೇ ಇಲ್ಲ. ಈ ಗೋಡೆಗೆ ಮಾತ್ರ ಬಂದಿರ್ಲಿಲ್ಲ. ಕೆರೆದು ನೋಡ್ದೆ, ಬಿಳಿ ಸಿಮೆಂಟು. ಈ ಸೈಟಿಗೆ ಸಿಮೆಂಟು ತರೋ ಹಾಗೇ ಇಲ್ಲ. ಸಿಟ್ಟು ಬಂತು, ಒಡೆಸಿದೆ." ಅವಳ ದನಿ ಒಡೆಯಿತು. "ಯಾರಿಗಾದ್ರೂ ಚೆನ್ನಾಗಿ ಬೈಯೋಣ ಅಂತ ಒಡೆಸಿದ್ದು ಮೇಡಂ."

ಇಂಚರ ಗೂಡಿನೊಳಗೆ ಟಾರ್ಚು ಬಿಟ್ಟಳು. ಹೆಣದ ಕೆಳಗೆ ನಾಲ್ಕು ಮಡಿಕೆ ಮಾಡಿದ ಗೋಣಿಚೀಲ. ಪಕ್ಕದಲ್ಲಿ ಖಾಲಿ ನೀರಿನ ಬಾಟಲಿ, ಎಲೆಅಡಿಕೆ ಸಂಚಿ. ಚಪ್ಪಲಿ ಬಿಚ್ಚಿ ಜೋಡಿಸಿಟ್ಟಿದ್ದ. ಉಡಿದಾರದಲ್ಲಿ ಅಂಗೈಯುದ್ದದ ಕಬ್ಬಿಣದ ಕೀ. ತಲೆಗೆ ಪೆಟ್ಟಿಲ್ಲ, ಕೈಗೆ ಕಟ್ಟಿದ ಗುರುತಿಲ್ಲ.

"ಮೇಡಂ, ಇದು ಬಲಿನೇ," ಕಾನ್‌ಸ್ಟೇಬಲ್ ದಿನೇಶ್ ಪಿಸುಗುಟ್ಟಿದ. "ಹಳೇ ಕಟ್ಟಡ ರಿಪೇರಿಗೆ ಕೈ ಹಾಕಿದ್ರೆ ಅದು ಕೇಳುತ್ತಂತೆ."

"ಕೇಳುತ್ತೆ, ಸರಿ. ಸಿಮೆಂಟೂ ಕಲಸಿಕೊಳ್ಳುತ್ತಾ?"

ಇಂಚರ ಕೆಳಗೆ ಬಿದ್ದಿದ್ದ ಗೋಡೆಯ ದೊಡ್ಡ ತುಂಡೊಂದನ್ನು ತಿರುಗಿಸಿದಳು. ಅದರ ನಡುವಿನ ಒಂದೇ ಒಂದು ಇಟ್ಟಿಗೆಯ ಸುತ್ತ ಮಾತ್ರ ಸಿಮೆಂಟಿನ ಬಣ್ಣ ಬೇರೆ. ಮಿಕ್ಕ ಗೋಡೆ ಒಣಗಿದ ಮೇಲೆ ಆ ಇಟ್ಟಿಗೆ ಕೂರಿಸಿದ್ದರು. ಕೂತವನ ಕಣ್ಣಿನ ಎತ್ತರಕ್ಕೆ ಸರಿಯಾಗಿ.

ಅವಳು ಗೂಡನ್ನೇ ನೋಡಿದಳು. ಹೊಡೆದು ತಂದು ಹಾಕುವವರು ಗೋಣಿಚೀಲ ಮಡಿಚಿ ಕೂರಿಸುತ್ತಾರೆಯೇ? ಇಲ್ಲ. ತಿಮ್ಮರಾಯಪ್ಪ ತಾನಾಗಿ ಒಳಗೆ ಹೋಗಿ ಕೂತಿದ್ದ.

*

ತಿಮ್ಮರಾಯಪ್ಪನ ಮನೆ ಬಂಗಲೆಯ ಕಾಂಪೌಂಡಿಗೆ ಬೆನ್ನು ಕೊಟ್ಟುಕೊಂಡೇ ಇತ್ತು. ಅವನ ಹೆಂಡತಿ ಲಕ್ಷ್ಮಮ್ಮ ಅಳುತ್ತಿರಲಿಲ್ಲ. ಕಣ್ಣು ಬತ್ತಿದ ಕೆರೆಯಾಗಿತ್ತು.

"ಸ್ಟೇಷನ್‌ಗೆ ಬಂದಿದ್ದೆ ತಾಯಿ, ಸೋಮವಾರ. ಈಯಪ್ಪನೇ ಇದ್ದ." ದಿನೇಶನತ್ತ ಗದ್ದ ತೋರಿಸಿದಳು. "ಯಾವ್ದೋ ದೇವಸ್ಥಾನಕ್ಕೆ ಹೋಗಿರ್ತಾನೆ, ಬರ್ತಾನೆ ಹೋಗಜ್ಜಿ ಅಂದ."

ದಿನೇಶ್ ಟೋಪಿ ಸರಿಮಾಡಿಕೊಂಡ.

"ಕೊನೆಗೆ ನೋಡಿದ್ದು ಯಾವಾಗಮ್ಮ?"

"ಶನಿವಾರ ಮಧ್ಯಾಹ್ನ. ರಾತ್ರಿ ಅಲ್ಲೇ ಕೆಲ್ಸ ಐತೆ ಅಂದ್ರು. ಭಾನುವಾರ ಹೋಗಿ ನೋಡ್ದೆ, ಗೇಟಿಗೆ ಒಳಗಿಂದ ಬೀಗ. ಗಾರೆ ಅರೆಯೋ ಮೋಟ್ರು ಗಾಣ ಮಾತ್ರ ಗುಡುಗುಡು ಅಂತಿತ್ತು. ಕೆಲ್ಸ ನಡೀತಾ ಐತೆ, ನಮ್ಮ ಯಜಮಾನ್ರು ಅಲ್ಲೇ ಅವ್ರೆ ಅಂತ ನೆಮ್ಮದಿಯಾಗಿ ವಾಪಸ್ ಬಂದೆ." ಅವಳು ಗೋಡೆಯ ಕಡೆ ನೋಡಿದಳು. "ಆ ಸದ್ದು ಇರೋಗಂಟ ನೆಮ್ಮದಿಯಾಗೇ ಇದ್ದೆ ಕಣವ್ವ."

"ಯಾರ ಜೊತೆಗಾದರೂ ಜಗಳ?"

"ಕಂಟ್ರಾಕ್ಟ್ರು ಕೊಟ್ರಪ್ಪನ್ನ ಕಂಡ್ರೆ ಆಗ್ತಿರ್ಲಿಲ್ಲ. ಮುಂಬಾಗ್ಲು ಪಾಲಿಶ್‌ಗೆ ಹೋಗಿ ಬಂತಲ್ಲ, ಅವತ್ತಿಂದ ಇವ್ರಿಗೆ ನಿದ್ದೆ ಇಲ್ಲ. 'ಇದು ನಮ್ ಬಾಗ್ಲಲ್ಲ ಕಣೆ. ಕರಿಮರ ಹೋಗಿ ಕಳ್ಳಮರ ಬಂದೈತೆ' ಅಂತಿದ್ರು. ಕೊಟ್ರಪ್ಪಂದೇ ಕೆಲ್ಸ ಅಂತ ಅನುಮಾನ. ಹಳೇ ಬಾಗ್ಲಿನ ಕೀನ ಉಡಿದಾರಕ್ಕೆ ಕಟ್ಕೊಂಡ್ರು. ದೊಡ್ಡೋರಿಗೆ ಹೇಳಿದೀನಿ, ಕಳ್ಳನ್ನ ಹಿಡಿದೇ ಹಿಡೀತೀವಿ ಅಂತ ನಗ್ತಾ ಹೋದ್ರು."

ಇಂಚರ ಏಳುವಾಗ ಲಕ್ಷ್ಮಮ್ಮ ಅವಳ ಕೈ ಹಿಡಿದಳು.

"ಅವ್ರ ಅಪ್ಪ, ಅವ್ರ ತಾತ, ಎಲ್ರೂ ಅದೇ ಕೆಲ್ಸ ಮಾಡ್ದೋರು. ಬೀಗ ಹಾಕೋ ಮುಂಚೆ ಮೂರು ಸಲ ಕೂಗೋರು, 'ಒಳಗೆ ಯಾರಾದ್ರೂ ಇದ್ದೀರಾ' ಅಂತ. ನಾನು ದೀಪ ಹಚ್ತಿದ್ದದ್ದೇ ಆ ಕೂಗು ಕೇಳಿ. ಶನಿವಾರ ಕೂಗು ಬರ್ಲಿಲ್ಲ. ಆ ಕೆಲ್ಸ ಬಾಕಿ ಐತೆ ತಾಯಿ. ಅದು ಮುಗಿಯೋಗಂಟ ಅವ್ರು ಆ ಗೂಡು ಬಿಟ್ಟು ಏಳಲ್ಲ."

ಇಂಚರಳ ಬೆನ್ನಹುರಿಯಲ್ಲಿ ಅಜ್ಜಿಯ ಕಥೆ ಒಂದು ಇರುವೆಯ ಹಾಗೆ ಹರಿಯಿತು.

"ಆ ಬಾಗಿಲನ್ನ ತಂದು ನಿಲ್ಲಿಸ್ತೀನಮ್ಮ. ಕೂಗಿ ಬೀಗ ಹಾಕೋದು ನೀವೇ."

"ಮಾತು?"

"ಮಾತು."

*

ಕೊಟ್ರಪ್ಪನ ಶೆಡ್ಡಿನಲ್ಲಿ ಬಿಳಿ ಸಿಮೆಂಟಿನ ಚೀಲ ಸಿಕ್ಕಿತು. ಅರ್ಧ ಖಾಲಿ. ಠಾಣೆಯಲ್ಲಿ ಕೂರಿಸಿದ್ದೇ ತಡ, ದಿನೇಶ್ ಅವನ ಕೆನ್ನೆಗೆ ಬಿಟ್ಟ. ಇಂಚರ ತಡೆಯಲಿಲ್ಲ. ಆ ಉಗುರಿಲ್ಲದ ಬೆರಳುಗಳು ಅವಳ ಕಣ್ಣ ಮುಂದಿದ್ದವು.

"ಶೆಡ್ಡಿಗೆ ಬಾಗಿಲೇ ಇಲ್ಲ ಮೇಡಂ! ಯಾವನು ಬೇಕಾದ್ರೂ ತಂದಿಡಬೋದು." ಕೊಟ್ರಪ್ಪನ ತುಟಿಯಲ್ಲಿ ರಕ್ತ ಜಿನುಗಿತು. "ಭಾನುವಾರ ನಾನು ಸುಬ್ರಹ್ಮಣ್ಯಪುರದಲ್ಲಿ ತಂಗಿ ಮಗಳ ನಿಶ್ಚಿತಾರ್ಥದಲ್ಲಿದ್ದೆ. ನೂರು ಜನ ನೋಡವ್ರೆ. ನನ್ ಆಳುಗಳಿಗೂ ರಜ."

"ಹಾಗಾದ್ರೆ ಗಾಣ ತಿರುಗಿಸಿದ್ದು ಯಾರು?"

"ಅದನ್ನೇ ನಾನೂ ಕೇಳ್ತಿರೋದು! ಸೋಮವಾರ ಬಂದು ನೋಡಿದ್ರೆ ಕಲ್ಲೆಲ್ಲ ಸವೆದೋಗದೆ. ಒಳಗೆ ಒಂದು ಹಿಡಿ ಸುಣ್ಣ ಇಲ್ಲ. ಯಾವನೋ ಇಡೀ ದಿನ ಖಾಲಿ ಗಾಣ ತಿರುಗಿಸವ್ನೆ." ಮೂಗು ಒರೆಸಿಕೊಂಡ. "ಇನ್ನೊಂದು ಯೋಚ್ನೆ ಮಾಡಿ ಮೇಡಂ. ಆ ಮುದುಕ ನನ್ ಮುಖ ಕಂಡ್ರೆ ಉಗೀತಿದ್ದ. ಕರೆದ್ರೆ ಕಾಫಿಗೂ ಬರ್ತಿರ್ಲಿಲ್ಲ. ನಾನು ಹೇಳಿದ್ರೆ ಗೋಡೆ ಒಳಗೆ ಬಂದು ಕೂರ್ತಾನಾ?"

ಇಂಚರ ಪೆನ್ನು ಕೆಳಗಿಟ್ಟಳು. ಆಗ ದಿನೇಶನ ಮುಖ ನೋಡಿದಳು. ಸುಣ್ಣ ಬಳಿದ ಹಾಗಿತ್ತು.

"ಏನ್ರೀ?"

"ಮೇಡಂ... ಭಾನುವಾರ ಮಧ್ಯಾಹ್ನ ಅಕ್ಕಪಕ್ಕದವ್ರು ಗಾಣದ ಸದ್ದು ಅಂತ ಕಂಪ್ಲೇಂಟ್ ಮಾಡಿದ್ರು. ನಾನೇ ಹೋಗಿದ್ದೆ. ಗೇಟಿಗೆ ಬೀಗ ಇತ್ತು. ಒಳಗಿಂದ ಯಾರೋ 'ಸರ್ಕಾರಿ ಕೆಲಸ' ಅಂದ್ರು. ನಾನು..." ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಗಾಡಿ ಇಳೀಲೇ ಇಲ್ಲ."

ಪೋಸ್ಟ್‌ಮಾರ್ಟಂ ವರದಿ ಮೇಜಿನ ಮೇಲಿತ್ತು. ಉಸಿರು ಕಟ್ಟಿ ಸಾವು, ಭಾನುವಾರ ಸಂಜೆಯ ಹೊತ್ತಿಗೆ.

"ನೀವು ಹೋದಾಗ ಅವನು ಬದುಕಿದ್ದ ದಿನೇಶ್," ಎಂದಳು ಇಂಚರ. ಅಷ್ಟೇ ಎಂದಳು.

*

ಸರ್ಕಾರದ ಕಡೆಯಿಂದ ಬಂಗಲೆಯ ಕೆಲಸದ ಉಸ್ತುವಾರಿ ಇಂಜಿನಿಯರ್ ಭಾರ್ಗವನದು. ಜಯನಗರದ ಅವನ ಕಚೇರಿಯ ಗೋಡೆ ತುಂಬ ಹಳೆ ಕಟ್ಟಡಗಳ ಫೋಟೋ. ಮೃದು ಮಾತಿನವನು. ತಿಮ್ಮರಾಯಪ್ಪನ ಹೆಸರೆತ್ತಿದ ಕೂಡಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ನನ್ನನ್ನ ಸ್ವಾಮಿ ಅಂತಿದ್ದ, ಪಾಪ. ಸುಣ್ಣದ ಬಗ್ಗೆ ಅವನ ಹತ್ರ ಎಷ್ಟು ಕಲ್ತಿದೀನಿ ಗೊತ್ತಾ? ಶನಿವಾರ ಸಂಜೆ ಕೂಡ ಮಾತಾಡಿಸಿದ್ದೆ. ಬಾಗಿಲಿಗೆ ಬೀಗ ಹಾಕಿದ. ಗೇಟಿಂದೂ ಸೇರಿಸಿ ಗೊಂಚಲು ನನ್ನ ಕೈಗೆ ಕೊಟ್ಟ. ಊರಿಗೆ ಹೋಗಬೇಕು ಸ್ವಾಮಿ ಅಂದ, ಹೊರಟ."

"ಬೀಗ ಹಾಕಿದ್ದು ನೀವೇ ನೋಡಿದ್ರಾ?"

"ಪಕ್ಕದಲ್ಲೇ ನಿಂತಿದ್ದೆ."

"ಬೀಗ ಹಾಕುವಾಗ ಏನಾದ್ರೂ ಅಂದ್ನಾ?"

"ಏನಿಲ್ಲ. ಸುಮ್ಮನೆ ಹಾಕಿದ, ಬಂದ."

"ಸುಮ್ಮನೆ?"

"ಸುಮ್ಮನೆ."

ಇಂಚರ ಎದ್ದಳು. ಭಾರ್ಗವ ಬಾಗಿಲವರೆಗೂ ಬಂದ. "ನಾಳಿದ್ದು ಜೆ.ಪಿ. ನಗರದಲ್ಲಿ ನಮ್ಮ ಗೃಹಪ್ರವೇಶ ಮೇಡಂ. ಇಂಥ ಹೊತ್ತಲ್ಲಿ ಮನಸ್ಸೇ ಇಲ್ಲ. ಆದ್ರೆ ಮುಹೂರ್ತ ನೋಡಿ, ಮುಂದಕ್ಕೆ ಹಾಕೋ ಹಾಗಿಲ್ಲ. ಬನ್ನಿ."

"ಖಂಡಿತ ಬರ್ತೀನಿ ಸಾರ್."

*

ಹೊಸ ಮನೆಯ ಮುಂದೆ ಶಾಮಿಯಾನ, ಬಾಳೆಕಂದು. ಭಾರ್ಗವನ ತಾಯಿ ಪಾರ್ವತಮ್ಮ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಬಾಗಿಲು ಕಪ್ಪಗೆ ಮಿರುಗುತ್ತಿತ್ತು. ಆಳೆತ್ತರದ ಬೀಟೆಮರ. ಸುತ್ತ ಮಾವಿನೆಲೆ ತೋರಣ.

"ಎಂಥ ಬಾಗಿಲು ಅಮ್ಮ!" ಎಂದಳು ಇಂಚರ.

"ನನ್ ಮಗ ಎಲ್ಲೆಲ್ಲೋ ಹುಡುಕಿ ತಂದದ್ದು ಕಣಮ್ಮ. ಹಳೇದು. ಈಗಿನೋರ ಕೈಲಿ ಮಾಡಕ್ಕಾಗಲ್ಲ. ಬೀಗನೂ ಆ ಕಾಲದ್ದೇ, ಕೀ ಒಂದು ಸಿಕ್ಲಿಲ್ಲ ಅಷ್ಟೇ."

ಭಾರ್ಗವ ಹೂವಿನ ಹಾರದಲ್ಲಿ ನಗುತ್ತ ಬಂದ. ಇಂಚರ ಜೇಬಿನಿಂದ ಅಂಗೈಯುದ್ದದ ಕಬ್ಬಿಣದ ಕೀ ತೆಗೆದಳು. ಅವನ ನಗು ಮುಖದ ಮೇಲೆಯೇ ಒಣಗಿತು.

ಕೀ ಒಳಗೆ ಹೋಯಿತು. ತಿರುಗಿತು. ಒಳಗಿನ ನಾಲಗೆ ಟಕ್ಕೆಂದು ಈಚೆ ಬಂತು.

ಇಂಚರ ಮನೆಯೊಳಗೆ ಮುಖ ಮಾಡಿ, ನಾಗಸ್ವರವೂ ನಿಲ್ಲುವ ಹಾಗೆ ಕೂಗಿದಳು: "ಒಳಗೆ ಯಾರಾದರೂ ಇದ್ದೀರಾ?"

ಶಾಮಿಯಾನದಲ್ಲಿದ್ದವರೆಲ್ಲ ಬಾಗಿಲತ್ತ ತಿರುಗಿದರು.

"ಇದನ್ನ ನೀವು ಯಾವತ್ತೂ ಕೇಳಿಲ್ಲ ಅಲ್ವಾ ಸಾರ್? ಸಂಜೆ ಆಗೋದರೊಳಗೆ ನೀವು ಸೈಟಿಂದ ಹೊರಟುಬಿಡ್ತಿದ್ರಿ. ತಿಮ್ಮರಾಯಪ್ಪ ಮೂರು ಸಲ ಕೂಗದೆ ಬೀಗ ಹಾಕಿದವನೇ ಅಲ್ಲ. ಶನಿವಾರ ಅವನು ಕೂಗಿಲ್ಲ. ಅಂದ್ರೆ ಬೀಗ ಹಾಕಿಲ್ಲ, ಎಲ್ಲಿಗೂ ಹೋಗಿಲ್ಲ. ಅವನು ಹೋದ ಅಂತ ನಂಬಿಸೋಕೆ ಗೇಟಿನ ಕೀ ನಿಮ್ಮ ಕೈಗೆ ಬಂತು ಅಂದ್ರಿ. ಹಾಗಾದ್ರೆ ಭಾನುವಾರ ಒಳಗಿಂದ ಬೀಗ ಹಾಕ್ಕೊಂಡು 'ಸರ್ಕಾರಿ ಕೆಲಸ' ಅಂದದ್ದು ಯಾರು?"

"ಮೇಡಂ, ಜನ ಇದ್ದಾರೆ..."

"ಇರಲಿ. ಬಾಗಿಲು ಬದಲಾಗಿದೆ ಅಂತ ಅವನು ನಂಬಿ ಹೇಳಿದ್ದು ನಿಮ್ಮ ಹತ್ರ. ಕಳ್ಳ ಕೊಟ್ರಪ್ಪನೇ, ರಾತ್ರಿ ಖಜಾನೆ ಬಾಗಿಲಿಗೂ ಬರ್ತಾನೆ, ಗೂಡಲ್ಲಿ ಅಡಗಿ ಕೂತ್ಕೋ ಅಂದ್ರಿ. ಮುಂದೆ ಗೋಡೆ ಕಟ್ತೀನಿ, ನೋಡೋಕೆ ಒಂದು ಇಟ್ಟಿಗೆ ಜಾಗ ಬಿಡ್ತೀನಿ ಅಂದ್ರಿ. ಅವನು ನಕ್ಕೊಂಡು ಒಪ್ಪಿದ. ಯಾಕೆ ಗೊತ್ತಾ? ಆ ಬಂಗಲೆಯಲ್ಲಿ ಇರೋದು ಸುಣ್ಣ ಒಂದೇ. ಹಸಿ ಸುಣ್ಣದ ಗೋಡೆ, ಕೈಯಲ್ಲಿ ತಳ್ಳಿದ್ರೆ ಬೀಳುತ್ತೆ. ಮಬ್ಬು ಬೆಳಕಲ್ಲಿ ಬಿಳಿ ಸಿಮೆಂಟೂ ಸುಣ್ಣದ ಹಾಗೇ ಕಾಣುತ್ತೆ. ಅಂಗಳದ ತುಂಬ ಅರೆದ ಗಾರೆ ಬಿದ್ದಿರುವಾಗ ಯಾರಾದ್ರೂ ಸಿಮೆಂಟು ಹುಡುಕ್ಕೊಂಡು ಹೋಗ್ತಾರಾ? ಅದಕ್ಕೇ ಇದು ಸುಣ್ಣ ಗೊತ್ತಿಲ್ಲದವನ ಕೆಲಸ ಅಂತ ಮೊದಲು ಅಂದ್ಕೊಂಡಿದ್ದೆ. ತಪ್ಪು. ಸುಣ್ಣ ಬೇಗ ಗಟ್ಟಿಯಾಗಲ್ಲ ಅಂತ ಚೆನ್ನಾಗಿ ಗೊತ್ತಿದ್ದವನೇ ಮಾಡಿದ್ದು. ಇಡೀ ರಾತ್ರಿ ಅವನು ಕಳ್ಳನಿಗೆ ಕಾದ. ಬೆಳಗಾಯ್ತು, ಗೋಡೆ ಕಲ್ಲಾಯ್ತು, ಕಳ್ಳ ಬಂದ. ಬಂದು ಕೊನೇ ಇಟ್ಟಿಗೆ ಇಟ್ಟ."

ಪಾರ್ವತಮ್ಮನ ಕೈಯಿಂದ ಅರಿಶಿನದ ಬಟ್ಟಲು ಜಾರಿತು.

"ಒಂದು ಬಾಗಿಲಿಗೋಸ್ಕರ ನನ್ನ ಹೆಸರು ಹಾಳಾಗ್ತಿತ್ತು," ಎಂದ ಭಾರ್ಗವ. ಈಗಲೂ ಮೃದು ದನಿ. "ಅರ್ಜಿ ಕೊಡ್ತೀನಿ ಅಂತಿದ್ದ. ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

"ಒಂದು ಮಾತ್ರ ನನಗೆ ಗೊತ್ತಾಗಲಿಲ್ಲ. ಭಾನುವಾರ ಅವನ ಕೂಗು ಹೊರಗೆ ಕೇಳಿಸಬಾರದು ಅಂತ ಗಾಣ ಹಾಕಿದ್ರಿ, ಸರಿ. ಹಾಕಿ ಹೋಗಬಹುದಿತ್ತಲ್ಲ. ಇಡೀ ದಿನ ಅಲ್ಲೇ ಕೂತು ಏನು ಮಾಡ್ತಿದ್ರಿ?"

ಭಾರ್ಗವ ಹಾರದ ಒಂದು ಎಸಳು ಕಿತ್ತ.

"ನಡುನಡುವೆ ನಿಲ್ಲಿಸಿ ಕೇಳ್ತಿದ್ದೆ," ಎಂದ. "ಇನ್ನೂ ಕೆರೀತಿದ್ದಾನಾ ಅಂತ."

ಹೊಸ್ತಿಲಿಗೆ ತಾನೇ ಹಚ್ಚಿದ ಅರಿಶಿನವನ್ನು ಪಾರ್ವತಮ್ಮ ಸೆರಗಿನಿಂದ ಗಸಗಸ ಒರೆಸತೊಡಗಿದರು. ಅದು ಹೋಗಲಿಲ್ಲ.

*

ಕೋರ್ಟಿನಿಂದ ಬಾಗಿಲು ಬಿಡಿಸಿಕೊಳ್ಳುವಷ್ಟರಲ್ಲಿ ಮಳೆಗಾಲ ಕಳೆದು ಮತ್ತೊಂದು ಮಳೆಗಾಲ ಬಂದಿತ್ತು. ಇಂಚರ ಅಲೆದಳು. ಬೈಸಿಕೊಂಡಳು. ಮತ್ತೆ ಅಲೆದಳು. ಕೊನೆಗೊಂದು ಸಂಜೆ ಶ್ವೇತ ಮುಂದೆ ನಿಂತು ಬಾಗಿಲನ್ನು ಅದರ ಹಳೆಯ ಚೌಕಟ್ಟಿಗೆ ಕೂರಿಸಿದಳು. ಅದನ್ನು ಹೊತ್ತವರಲ್ಲಿ ಕೊಟ್ರಪ್ಪನೂ ಇದ್ದ. ದಿನೇಶನ ಮುಖ ಮಾತ್ರ ನೋಡಲಿಲ್ಲ.

ಲಕ್ಷ್ಮಮ್ಮ ಮೆಟ್ಟಿಲು ಹತ್ತಿದಳು. ಕೀ ಹಿಡಿದು ಹಜಾರದತ್ತ ಮುಖ ಮಾಡಿ ಕೂಗಿದಳು.

"ಒಳಗೆ ಯಾರಾದ್ರೂ ಇದ್ದೀರಾ?"

ಹಜಾರ ಕೂಗನ್ನು ನುಂಗಿಕೊಂಡಿತು.

"ಒಳಗೆ ಯಾರಾದ್ರೂ ಇದ್ದೀರಾ?"

ಮರದ ಮೇಲಿನ ಗಿಳಿಗಳು ಎದ್ದು ಹಾರಿದವು.

"ಒಳಗೆ... ಯಾರಾದ್ರೂ ಇದ್ದೀರಾ?"

ಅವಳು ಕಾದಳು. ಆಮೇಲೆ ದಿನೇಶನತ್ತ ತಿರುಗಿದಳು.

"ಎಲ್ಲಾ ಕೋಣೆನೂ ನೋಡ್ಕೊಂಡು ಬಾಪ್ಪಾ. ಗೋಡೆನೂ ಒಂದ್ಸಲ ತಟ್ಟಿ ನೋಡು."

ದಿನೇಶ್ ಬೂಟು ಬಿಚ್ಚಿ ಒಳಗೆ ಹೋದ. ಒಂದೊಂದೇ ಗೋಡೆ ತಟ್ಟುವ ಸದ್ದು ಹೊರಗೆ ಬರುತ್ತಿತ್ತು. ದೂರವಾಯಿತು. ಖಜಾನೆ ಕೋಣೆಯಲ್ಲಿ ಬಹಳ ಹೊತ್ತು ನಿಂತಿತು. ಮತ್ತೆ ಹತ್ತಿರವಾಯಿತು. ಅವನು ಹೊರಬಂದಾಗ ಅಂಗೈ ಬೆಳ್ಳಗಾಗಿತ್ತು, ಕಣ್ಣು ಕೆಂಪಗಿತ್ತು.

"ಯಾರೂ ಇಲ್ಲಮ್ಮ."

ಲಕ್ಷ್ಮಮ್ಮ ಬಾಗಿಲೆಳೆದು ಬೀಗ ಹಾಕಿದಳು.