ನಾಲ್ಕೂವರೆಯ ಸರದಿ

"ನಾಲ್ಕೂವರೆಗೆ ಯಾರ ಸರದಿ, ಮಗಾ?"

"ನನ್ನ ಫ್ರೆಂಡ್‌ದು ಆಂಟಿ. ರಿಜಿಸ್ಟರ್‌ನಲ್ಲಿ ಬರ್ದಿದೆ ನೋಡಿ." ಚೂಟಿ ಪರದೆಯಿಂದ ಕಣ್ಣು ಕೀಳದೆಯೇ ಹೇಳಿದಳು.

ಕೇಳಿದವರು ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಆಂಟಿ. ಕೆಲಸ ಮುಗಿಸಿ ನೇರವಾಗಿ ಲೈಬ್ರರಿಗೆ ಬಂದಿದ್ದರು. ಕೈಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು. ಜೊತೆಯಲ್ಲಿ ಚೂಟಿಯ ವಯಸ್ಸಿನವಳೇ ಆದ ಮಗಳು, ಎರಡು ಜಡೆಯವಳು. ಒಂದು ಪ್ಲಾಸ್ಟಿಕ್ ಫೈಲನ್ನು ಎದೆಗೆ ಅವಚಿಕೊಂಡಿದ್ದಳು.

ಮಗಳು ರಿಜಿಸ್ಟರ್ ಓದಿ ನೋಡಿದಳು. "ಹೌದಮ್ಮ. ನಾಲ್ಕೂವರೆಗೆ ಒಬ್ರು, ಐದಕ್ಕೆ ಒಬ್ರು. ಐದೂವರೆ ಖಾಲಿ ಇದೆ."

ಅಲ್ಲಿ ತಮ್ಮ ಹೆಸರು ಬರೆದು ಇಬ್ಬರೂ ಬೆಂಚಿನ ಮೇಲೆ ಕೂತರು.

ಆ ಲೈಬ್ರರಿಯಲ್ಲಿದ್ದದ್ದು ಒಂದೇ ಒಂದು ಕಂಪ್ಯೂಟರ್. ಒಬ್ಬರಿಗೆ ದಿನಕ್ಕೆ ಅರ್ಧ ಗಂಟೆ. ಯಾರೂ ಕಾವಲು ಕಾಯುತ್ತಿರಲಿಲ್ಲ. ಹೆಸರು ಬರೆಯುವುದು, ಸರದಿ ಬಂದಾಗ ಕೂರುವುದು, ಅಷ್ಟೇ. ಆ ರಿಜಿಸ್ಟರನ್ನು ಎಲ್ಲರೂ ಕಣ್ಣು ಮುಚ್ಚಿ ನಂಬುತ್ತಿದ್ದರು.

ಚೂಟಿ ಕಿತಾಪತಿ ಮಾಡಿದ್ದು ಅಲ್ಲೇ. ಶಾಲೆ ಬಿಟ್ಟೊಡನೆ ಓಡಿ ಬಂದಾಗ ಲೈಬ್ರರಿ ನೋಡಿಕೊಳ್ಳುವ ಅವಳ ಚಿಕ್ಕಮ್ಮ ಒಳಕೋಣೆಯಲ್ಲಿ ಹೊಸ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದಳು. ಚೂಟಿ ನಾಲ್ಕು ಗಂಟೆಗೆ ತನ್ನ ಹೆಸರು ಬರೆದಳು. ಆಮೇಲೆ ಅತ್ತಿತ್ತ ನೋಡಿ, ಕೆಳಗಿನ ಎರಡು ಸಾಲಿನಲ್ಲಿ ತನ್ನ ಕ್ಲಾಸಿನ ಇಬ್ಬರು ಹುಡುಗಿಯರ ಹೆಸರು ಗೀಚಿಬಿಟ್ಟಳು. ಇಬ್ಬರ ಮನೆಯಲ್ಲೂ ಕಂಪ್ಯೂಟರ್ ಇತ್ತು. ಅವರು ಇಲ್ಲಿಗೆ ಯಾಕೆ ಬಂದಾರು? ಬರದವರ ಹೆಸರೇ ಸೇಫ್.

ಕಾರಣ ಇಲ್ಲದೆ ಮಾಡಿದ್ದಲ್ಲ ಪಾಪ. ಹೋದ ತಿಂಗಳು ಮೂರು ದಿನ ಕೂತು ಬಣ್ಣ ತುಂಬಿದ ಚಾರ್ಟನ್ನು ಚೂಟಿ ಕ್ಲಾಸಿಗೆ ಒಯ್ದಿದ್ದಳು. ಆ ಇಬ್ಬರು ಹುಡುಗಿಯರು ಸ್ಲೈಡ್ ತೋರಿಸಿದರು. ಅಕ್ಷರಗಳು ಹಾರಿ ಬಂದವು, ಚಿತ್ರಗಳು ಕುಣಿದವು, ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ತಟ್ಟಿತು. ಚೂಟಿಯ ಚಾರ್ಟ್ ನೋಡಿ ಟೀಚರ್ "ಪರವಾಗಿಲ್ಲ" ಅಂದರು. ಆ "ಪರವಾಗಿಲ್ಲ" ಇನ್ನೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅವರಿಗೆ ಇಡೀ ದಿನ, ನನಗೆ ಅರ್ಧ ಗಂಟೆ. ಇದ್ಯಾವ ನ್ಯಾಯ? ಅವಳ ಮಾತು ಸುಳ್ಳು ಅನ್ನಲು ಬರುವುದಿಲ್ಲ.

ಈ ಸಲದ ಪ್ರಾಜೆಕ್ಟ್ ಇರುವೆಗಳ ಬಗ್ಗೆ. ನಾಲ್ಕೂವರೆಗೆಲ್ಲ ಸ್ಲೈಡುಗಳು ಮುಗಿದಿದ್ದವು. ಉಳಿದದ್ದು ಇರುವೆಯನ್ನು ಓಡಾಡಿಸುವ ಕೆಲಸ. ಎಡದಿಂದ ಬಂದರೆ ಚೆಂದವೋ, ಬಲದಿಂದಲೋ? ಒಂದು ಲಾಗ ಹಾಕಿಸಿದರೆ?

ಬೆಂಚಿನ ಮೇಲೆ ಎರಡು ಜಡೆಯವಳು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆಗೆದು ತುಟಿ ಅಲ್ಲಾಡಿಸುತ್ತಾ ಲೆಕ್ಕ ಮಾಡುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಆಂಟಿ ಎದ್ದು ಬಂದರು. "ನಿನ್ನ ಫ್ರೆಂಡ್ ಬರ್ಲಿಲ್ವಾ ಮಗಾ?"

"ನಾವೆಲ್ಲಾ ಒಂದೇ ಪ್ರಾಜೆಕ್ಟ್ ಆಂಟಿ. ಅವಳ ಪಾಲಿಂದು ನಾನೇ ಮಾಡ್ತಿದ್ದೀನಿ." ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಚೂಟಿಗೇ ಆಶ್ಚರ್ಯವಾಯಿತು.

"ಹಂಗಾ. ಏನಿಲ್ಲ, ಇವಳದ್ದೊಂದು ಅರ್ಜಿ ಇತ್ತು. ಹಾಸ್ಟೆಲ್ ಸ್ಕೂಲಿನ ಪರೀಕ್ಷೆಗೆ. ಐದನೇ ಕ್ಲಾಸಿನೋರು ಮಾತ್ರ ಬರೀಬಹುದಂತೆ. ಇವತ್ತು ಆರು ಗಂಟೆಗೆ ಲಾಸ್ಟು. ನಿನ್ನೇನೂ ಬಂದಿದ್ವಿ, ಸರ್ವರ್ ಡೌನ್ ಅಂದ್ರು."

ಚೂಟಿಯ ಬೆರಳು ಮೌಸಿನ ಮೇಲೆ ಒಂದು ಕ್ಷಣ ನಿಂತಿತು. ಆಗಲೇ ಎದ್ದುಬಿಡಬಹುದಿತ್ತು.

"ಅರ್ಧ ಗಂಟೆ ಸಾಕು ಆಂಟಿ. ಆರಾಮಾಗಿ ಆಗತ್ತೆ."

"ಸಾಕಲ್ವಾ? ನಿಂಗೆ ಗೊತ್ತಿರತ್ತೆ ಬಿಡು." ಆಂಟಿ ನಿರಾಳವಾಗಿ ಹೋಗಿ ಕೂತರು.

ಐದೂವರೆಗೆ ಚಿಕ್ಕಮ್ಮ ಹೊರಗೆ ಬಂದು ಆಂಟಿಗಾಗಿ ಅರ್ಜಿ ತುಂಬಲು ಕೂತಳು. ಹೆಸರು, ಹುಟ್ಟಿದ ದಿನ, ವಿಳಾಸ. ಒಂದೊಂದು ಪುಟವೂ ಆಮೆ ನಡಿಗೆಯಲ್ಲಿ ತೆರೆಯಿತು. ಫೋಟೊ ಹಾಕಿದರೆ "ಸೈಜ್ ಜಾಸ್ತಿ" ಅಂತ ವಾಪಸ್ ಬಂತು.

"ಇದನ್ನ ಹೇಗೆ ಚಿಕ್ಕದು ಮಾಡೋದೋ!" ಚಿಕ್ಕಮ್ಮ ಹಣೆ ಒತ್ತಿಕೊಂಡಳು.

"ನಾನು ಮಾಡ್ತೀನಿ!" ಚೂಟಿ ನುಗ್ಗಿ ಬಂದು ಚಕಚಕನೆ ಫೋಟೊ ಚಿಕ್ಕದು ಮಾಡಿ ಹಾಕಿದಳು. ಐದು ಐವತ್ತು. ಇನ್ನು ಆಂಟಿಯ ಪುಟ್ಟ ಕೀಪ್ಯಾಡ್ ಫೋನಿಗೆ ಓಟಿಪಿ ಬರಬೇಕು. ನಾಲ್ವರೂ ಆ ಫೋನನ್ನೇ ಉಸಿರು ಬಿಗಿಹಿಡಿದು ನೋಡಿದರು. ಐದು ಐವತ್ತೆಂಟಕ್ಕೆ ಅದು ಟಿಣ್ ಅಂದಿತು. ಎರಡು ಜಡೆಯವಳು ನಂಬರ್ ಓದಿದಳು, ಚೂಟಿ ಒತ್ತಿದಳು. ಪರದೆಯ ಮೇಲಿನ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.

ಆಮೇಲೆ ಕೆಂಪು ಅಕ್ಷರ ಬಂತು. ಅರ್ಜಿ ಸಲ್ಲಿಸುವ ಅವಧಿ ಮುಗಿದಿದೆ.

ಚಿಕ್ಕಮ್ಮ ಮತ್ತೆ ಒತ್ತಿದಳು. ಮತ್ತೆ ಅದೇ.

"ಹೋಗ್ಲಿ ಬಿಡು. ಬರೋ ವರ್ಷ ನೋಡೋಣ," ಅಂದರು ಆಂಟಿ.

"ಬರೋ ವರ್ಷ ನಾನು ಆರನೇ ಕ್ಲಾಸಮ್ಮ," ಅಂದಳು ಮಗಳು ಮೆಲ್ಲಗೆ. ಅವಳು ಅಳಲಿಲ್ಲ. ಕಾಗದಗಳನ್ನು ಒಂದೊಂದಾಗಿ ಫೈಲಿಗೆ ಸೇರಿಸಿದಳು.

ಆಂಟಿ ಚೂಟಿಯ ತಲೆ ಸವರಿದರು. "ಎಷ್ಟು ಸಹಾಯ ಮಾಡ್ದೆ ಕಂದಾ. ಪಾಪ, ಫ್ರೆಂಡ್ಸೂ ಬರ್ದೆ ಎಲ್ಲಾ ಕೆಲಸ ನಿನ್ನೊಬ್ಬಳ ಮೇಲೇ ಬಿತ್ತು."

ಎರಡು ಬಾರಿಸಿದ್ದರೂ ಇದಕ್ಕಿಂತ ವಾಸಿಯಿತ್ತು. ಚೂಟಿ ಆಂಟಿಯ ಕೈಯಡಿಯಿಂದ ಹಿಂದೆ ಸರಿದಳು.

"ಅವರು ಬರೋದಿರ್ಲಿಲ್ಲ ಆಂಟಿ. ನಾನೇ ಸುಮ್ನೆ ಅವರ ಹೆಸರು ಬರ್ದಿದ್ದೆ."

ಚಿಕ್ಕಮ್ಮ ತಟ್ಟನೆ ತಿರುಗಿದಳು. ಆಂಟಿಗೆ ಒಮ್ಮೆಲೇ ಅರ್ಥವಾಗಲಿಲ್ಲ. ಮಗಳಿಗೆ ಆಯಿತು.

"ನಾಲ್ಕೂವರೆಗೆ ಯಾರೂ ಇರ್ಲಿಲ್ವಾ?"

"ಇಲ್ಲ."

"ಐದಕ್ಕೂ?"

"ಇಲ್ಲ."

"ಮತ್ತೆ ನೀನು ಏನು ಮಾಡ್ತಿದ್ದೆ?"

ಚೂಟಿ ತಲೆ ತಗ್ಗಿಸಿದಳು. "ಇರುವೆ ಕೈಲಿ ಲಾಗ ಹಾಕಿಸ್ತಿದ್ದೆ."

ಯಾರೂ ನಗಲಿಲ್ಲ. ಆಂಟಿ ಮಗಳ ಕೈ ಹಿಡಿದು ಹೊರಟರು.

"ನಾಳೆ ಆ ಸ್ಕೂಲಿಗೆ ಫೋನ್ ಮಾಡಿ ಕೇಳ್ತೀನಿ," ಅಂದಳು ಚಿಕ್ಕಮ್ಮ ಅವರ ಹಿಂದೆ. ಅವಳ ದನಿಯಲ್ಲಿ ಅಂಥ ಭರವಸೆಯೇನೂ ಇರಲಿಲ್ಲ. ಚೂಟಿಯ ಕಡೆ ಅವಳು ನೋಡಲೂ ಇಲ್ಲ.

ಚೂಟಿ ಓಡಿದಳು. ಗೇಟಿನ ಹತ್ತಿರ ಅವರನ್ನು ಹಿಡಿದಳು. "ಸಾರಿ," ಅಂದಳು. ಎಷ್ಟು ಸಣ್ಣ ಮಾತು ಅದು!

ಎರಡು ಜಡೆಯವಳು ತಿರುಗಿ ಅವಳನ್ನು ನೋಡಿದಳು. ಕೋಪವಿತ್ತೋ ಇಲ್ಲವೋ, ಚೂಟಿಗೆ ತಿಳಿಯಲಿಲ್ಲ.

"ನಿಂಗೆ ಕಂಪ್ಯೂಟರ್ ಎಷ್ಟು ಚೆನ್ನಾಗಿ ಬರತ್ತೆ," ಅಂದಳು ಆ ಹುಡುಗಿ. "ನಾನು ಅದನ್ನ ಇಷ್ಟು ಹತ್ರದಿಂದ ನೋಡಿದ್ದು ಇವತ್ತೇ ಮೊದಲು."

ತಾಯಿ ಮಗಳು ಬೀದಿಯ ತಿರುವಿನಲ್ಲಿ ಮರೆಯಾದರು. ಚೂಟಿ ಗೇಟು ಹಿಡಿದು ನಿಂತೇ ಇದ್ದಳು. ಇಡೀ ಊರಿನಲ್ಲಿ ಏನೂ ಇಲ್ಲದವಳು ತಾನೊಬ್ಬಳೇ ಎಂದು ಅವಳು ಒಂದು ತಿಂಗಳಿನಿಂದ ಅಂದುಕೊಂಡಿದ್ದಳು.