ಟೀಚರಜ್ಜಿಯ ಹೋಮ್‌ವರ್ಕ್

“ತಪ್ಪು ತಿಳ್ಕೋಬೇಡಿ ಟೀಚರ್, ಇದು ಕಫ ಅಲ್ಲ. ಬರೀ ಎಂಜಲು,” ಎಂದ ಲ್ಯಾಬಿನ ಅಣ್ಣ.

ಕಿಟಕಿಯಾಚೆ ಅವನ ಕೈಯಲ್ಲಿ ಪುಟ್ಟ ಡಬ್ಬಿ. ಈಚೆ ಮಾಸ್ಕ್ ಹಾಕಿದ ಅಜ್ಜಿ. ಪಕ್ಕದಲ್ಲಿ ಒಂಟಿಕಾಲಲ್ಲಿ ಕುಣಿಯುತ್ತಿದ್ದ ಗಿರಗಿಟ್ಲೆ. ನಿಂತಲ್ಲಿ ನಿಲ್ಲದ ಮೊಮ್ಮಗಳಿಗೆ ಆ ಹೆಸರಿಟ್ಟವಳು ಅಜ್ಜಿಯೇ.

“ಕೊಟ್ಟಿದ್ದೀನಲ್ಲಪ್ಪ, ಇನ್ನೇನು ಬೇಕು?” ಅಜ್ಜಿಯ ಹುಬ್ಬು ಮೇಲೇರಿತು. ಮೂವತ್ತು ವರ್ಷ ಮಕ್ಕಳನ್ನು ಹೆದರಿಸಿದ ಹುಬ್ಬು ಅದು.

“ಎದೆಯೊಳಗಿಂದ ಬರ್ಬೇಕು ಟೀಚರ್. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಉಸಿರು ಎಳ್ಕೊಂಡು, ಜೋರಾಗಿ ಕೆಮ್ಮಿ, ಕ್ಯಾಕರಿಸಿ ಉಗೀಬೇಕು.”

“ಕ್ಯಾಕರಿಸಿ? ಯಾರಿಗೆ ಹೇಳ್ತಿದ್ದೀಯ ಗೊತ್ತಾ?”

“ಗೊತ್ತು ಟೀಚರ್. ಗೋಡೆಗೆ ಉಗಿದೆ ಅಂತ ಮೂರನೇ ಕ್ಲಾಸಲ್ಲಿ ಇಡೀ ಕಾಂಪೌಂಡು ತೊಳೆಸಿದ್ರಲ್ಲ, ನಾನೇ ಅವನು.” ಅವನು ಹೊಸ ಡಬ್ಬಿ ಮುಂದೆ ತಳ್ಳಿದ. “ಈಗ ನಿಮ್ಗೆ ಹೋಮ್‌ವರ್ಕ್.”

ಗಿರಗಿಟ್ಲೆ ಕಿಸಕ್ಕೆಂದಳು. ಅಜ್ಜಿ ತಿರುಗಿ ನೋಡಿದಳು. ನಗು ಮೂಗಿನಲ್ಲೇ ನಿಂತಿತು.

ಅಜ್ಜಿಗೆ ಕೆಮ್ಮು ಶುರುವಾಗಿ ಮೂರು ವಾರವಾಗಿತ್ತು. ಕ್ಷಯ ಇರಬಹುದು, ಪರೀಕ್ಷೆ ಆಗಲಿ ಎಂದಿದ್ದರು ಡಾಕ್ಟರಮ್ಮ. ಅಲ್ಲಿಯವರೆಗೆ ಗಿರಗಿಟ್ಲೆ ಅಜ್ಜಿಯ ಕೋಣೆಯಲ್ಲಿ ಮಲಗುವಂತಿಲ್ಲ. ಅಂದರೆ ಅಜ್ಜಿ ರಾಗವಾಗಿ ಹೇಳುವ ಪದ್ಯವೂ ಇಲ್ಲ. ಅರ್ಧಕ್ಕೆ ನಿಂತ ಪದ್ಯದ ರಾಜ ಐದು ದಿನದಿಂದ ಮರದ ಮೇಲೇ ಕೂತಿದ್ದ. ಕೆಳಗೆ ಹುಲಿ.

ಮನೆಯಲ್ಲಿ ಅಮ್ಮ ಬೇರೆಯವರು ಮುಟ್ಟದಿರಲೆಂದು ಅಜ್ಜಿಯ ಲೋಟಕ್ಕೆ ಕೆಂಪು ದಾರ ಕಟ್ಟಿದ್ದಳು. ಕೋಣೆಯ ಕಿಟಕಿ ಮಾತ್ರ ಭದ್ರವಾಗಿ ಮುಚ್ಚಿದ್ದಳು.

“ಅಮ್ಮಾ, ಎಲ್ಲಾ ಉಲ್ಟಾ! ಅದು ಲೋಟದಿಂದ ಬರಲ್ಲ, ಗಾಳಿಯಿಂದ ಬರುತ್ತೆ. ಕಿಟಕಿ ತೆಗೀರಿ ಅಂದ್ರು ಡಾಕ್ಟರಮ್ಮ.”

“ಥಂಡಿ ಗಾಳಿ ಕಣೇ.”

“ಕಂಬಳಿ ಇದೆಯಲ್ಲ!”

ಅಮ್ಮ ಗೊಣಗುತ್ತಲೇ ಚಿಲಕ ತೆಗೆದಳು.

ಮರುದಿನ ಬೆಳಿಗ್ಗೆ ಅಜ್ಜಿ ಡಬ್ಬಿ ಹಿಡಿದು ಹಿತ್ತಲಿಗೆ ಹೋದಳು. ಅತ್ತ ಇತ್ತ ನೋಡಿ, ಹೂವಿಗೆ ನೀರು ಚಿಮುಕಿಸಿದಂತೆ ‘ತು’ ಎಂದಳು.

“ಅಜ್ಜೀ, ಫೇಲ್!” ದೂರದ ಬಾಗಿಲಿನಿಂದ ಗಿರಗಿಟ್ಲೆ ಕೂಗಿದಳು.

“ನಂಗೆ ಬರಲ್ಲ ಕಣೇ,” ಎಂದಳು ಅಜ್ಜಿ ಸಣ್ಣ ದನಿಯಲ್ಲಿ.

ಅಜ್ಜಿಗೆ ಬಾರದ್ದೂ ಒಂದಿದೆಯೇ! “ನಾನು ಹೇಳ್ಕೊಡ್ತೀನಿ. ಕ್ಲಾಸಿಗೆಲ್ಲ ನಾನೇ ಫಸ್ಟ್.”

“ಯಾವುದ್ರಲ್ಲಿ?”

“ಉಗಿಯೋದ್ರಲ್ಲಿ. ಈಗ ಸೌಂಡ್ ಮಾತ್ರ ಕೇಳಿಸ್ಕೋ.” ಗಿರಗಿಟ್ಲೆ ಸೊಂಟಕ್ಕೆ ಕೈಯಿಟ್ಟು, ಕತ್ತು ಉದ್ದ ಮಾಡಿ, “ಖ್ರ್ರ್ರ್ರಾ...” ಎಂದಳು. ಗೋಡೆ ಮೇಲಿನ ಬೆಕ್ಕು ಬಾಲ ನಿಗುರಿಸಿ ಓಟ ಕಿತ್ತಿತು.

ಅಜ್ಜಿಗೆ ನಗು ಉಕ್ಕಿತು. ನಗು ಕೆಮ್ಮಾಯಿತು. ಕೆಮ್ಮು ಎದೆಯ ತಳದಿಂದ ಗುಡುಗುಡು ಎದ್ದು ಬಂತು. ಅಜ್ಜಿ ಡಬ್ಬಿಗೆ ಬಾಯಿಟ್ಟು, ಮರ್ಯಾದೆಯನ್ನೆಲ್ಲ ಬದಿಗಿಟ್ಟು, ಕ್ಯಾಕರಿಸಿ ಉಗಿದಳು. ಮುಚ್ಚಳ ಬಿಗಿದಳು. ಕಣ್ಣಲ್ಲಿ ನೀರು, ಮುಖದಲ್ಲಿ ಗೆಲುವು.

“ಹತ್ತಕ್ಕೆ ಹತ್ತು ಟೀಚರ್!” ಎಂದ ಲ್ಯಾಬಿನ ಅಣ್ಣ, ಕಿಟಕಿಯಾಚೆ ಡಬ್ಬಿಯನ್ನು ಬೆಳಕಿಗೆ ಹಿಡಿದು.

ಎರಡು ದಿನದ ಮೇಲೆ ಗೊತ್ತಾಯಿತು, ಕ್ಷಯವೇ. ಆರು ತಿಂಗಳು ಮಾತ್ರೆ, ಒಂದು ದಿನವೂ ತಪ್ಪಿಸುವಂತಿಲ್ಲ. ಮನೆಯವರಿಗೆಲ್ಲ ಪರೀಕ್ಷೆ. ಡಾಕ್ಟರಮ್ಮ ಸರಿ ಎನ್ನುವವರೆಗೆ ಅಜ್ಜಿಗೆ ಬೇರೆ ಕೋಣೆ.

“ಹತ್ತಕ್ಕೆ ಹತ್ತು ಬಂದ್ರೂ ಪಕ್ಕದಲ್ಲಿ ಮಲಗಂಗಿಲ್ವಾ? ಇದೆಂಥ ಪರೀಕ್ಷೆ!” ಗಿರಗಿಟ್ಲೆ ಕಾಲು ನೆಲಕ್ಕೆ ಬಡಿದಳು. ಯಾರೂ ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಬೇಜಾರು.

ಸಂಜೆ ಅವಳು ಸ್ಟೂಲನ್ನು ಹೊರಗೆ ಎಳೆದು ತಂದಳು. ಅಜ್ಜಿಯ ಕಿಟಕಿಯನ್ನು ಪೂರ್ತಿ ತೆರೆದು, ಹತ್ತು ಹೆಜ್ಜೆ ಹಿಂದೆ ಸರಿದು ಅಂಗಳದಲ್ಲಿ ಕೂತಳು.

“ಅಜ್ಜೀ, ಆ ರಾಜನ್ನ ಮೊದ್ಲು ಕೆಳಗಿಳಿಸು. ಪಾಪ, ಕೂತು ಕೂತು ಕಾಲು ಜೋಮು ಹಿಡಿದಿರುತ್ತೆ.”

ಮಾಸ್ಕಿನೊಳಗಿಂದ ಪದ್ಯ ಶುರುವಾಯಿತು. ರಾಜ ಒಂದು ಕಾಲು ಕೆಳಗಿಟ್ಟ. ಅಷ್ಟರಲ್ಲಿ ಕೆಮ್ಮು ಬಂತು. ಅಜ್ಜಿ ಮುಖ ತಿರುಗಿಸಿ, ತೋಳು ಅಡ್ಡ ಹಿಡಿದಳು.

ಗಿರಗಿಟ್ಲೆ ಏಳಲಿಲ್ಲ, ಓಡಲಿಲ್ಲ. ತೊಡೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಾಳ ಹಾಕುತ್ತ, ಪದ್ಯ ನಿಂತ ಜಾಗವನ್ನು ಹಿಡಿದಿಟ್ಟುಕೊಂಡು ಕೂತಳು.

ಹುಲಿ ಕಾಯುತ್ತಿತ್ತು. ಅವಳೂ ಕಾದಳು.