ಹೆಸರು ಹೇಳದವನು

ನನ್ನ ತಲೆಯ ಅಳತೆ ತೆಗೆದುಕೊಳ್ಳಲು ಬಂದವನು ನನ್ನ ಹೆಸರು ಹೇಳಲು ಮಾತ್ರ ಒಪ್ಪಲಿಲ್ಲ.

ಸೊಕೊಟೊದ ಹಳೆಯ ಪೇಟೆಯಲ್ಲಿ ನಮ್ಮ ಮನೆ. ತಲೆಬಾಗಿಲಲ್ಲಿ ತಂಪಾದ, ಅರೆಗತ್ತಲೆಯ ಒಂದು ಕೋಣೆ. ಹೊರಗಿನ ಗಂಡಸರು ಆ ಕೋಣೆ ದಾಟಿ ಒಳಗೆ ಬರುವಂತಿಲ್ಲ. ನಾನು ಆ ಕೋಣೆ ದಾಟಿ ಆಚೆ ಹೋಗುವಂತಿಲ್ಲ. ಹಾಗಾಗಿ ನಾವು ಭೇಟಿಯಾದದ್ದು ಅಲ್ಲೇ, ಅವನ ಲೋಕ ಮುಗಿದು ನನ್ನ ಲೋಕ ಶುರುವಾಗುವ ಕಡೆ.

ಅವನು ಚಾಪೆಯ ಮೇಲೆ ಕೂತು ತಾಳೆಗರಿಯ ಎಳೆಯೊಂದನ್ನು ಅಜ್ಜಿಯ ಕೈಗೆ ಕೊಟ್ಟ. ಅಜ್ಜಿ ಅದನ್ನು ನನ್ನ ಹಣೆಯ ಸುತ್ತ ಬಳಸಿ, ಸೇರಿದ ಜಾಗವನ್ನು ಚಿವುಟಿ ಹಿಡಿದು ವಾಪಸು ಕೊಟ್ಟಳು.

"ಯಾರ ತಲೆಗೆ ಅಂತ ಹೆಸರು ಹೇಳಿ ಗಂಟು ಹಾಕೋದು ನಮ್ಮ ಪದ್ಧತಿ ಅಜ್ಜಿ," ಎಂದ. "ಇವರ ಹೆಸರು?"

"ನಂದೇ ಅವಳದ್ದು. ಅಸ್ಮಾ."

ಅವನ ಬೆರಳುಗಳು ನಿಂತುಬಿಟ್ಟವು. ಎಳೆಯನ್ನು ನೋಡಿದ, ನೆಲ ನೋಡಿದ, ಆಮೇಲೆ ಒಂದೇ ಒಂದು ಗಳಿಗೆ ನನ್ನನ್ನು ನೋಡಿದ. ಉದ್ದನೆಯ ರೆಪ್ಪೆಗಳು, ಗರಿ ಸೀಳುವಾಗ ಹಾರಿದ ಪುಡಿ ಅವುಗಳ ಮೇಲೆ ಹಾಗೇ ಕೂತಿತ್ತು. ಗಂಟು ಹಾಕದೆ ಎಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

"ಹೇಳಪ್ಪ, ಏನು ನಾಚಿಕೆ?" ಅಜ್ಜಿ ಎಂದಳು.

"ಆಗಲ್ಲ ಅಜ್ಜಿ. ಅಳತೆ ನೆನಪಿರುತ್ತೆ."

ಅವನು ಹೋದ ಮೇಲೆ ನನಗೆ ಮೈಯೆಲ್ಲ ಉರಿ. ಎಂಥ ಸೊಕ್ಕು ಅಂದುಕೊಂಡೆ. ನನ್ನ ಹೆಸರು ಅವನ ನಾಲಿಗೆಗೆ ಸಾಲದೆ?

ಯಾಕೆ ಅಷ್ಟು ಉರಿಯಿತು ಎಂದರೆ, ಆ ಹೆಸರಿನಿಂದ ನನ್ನನ್ನು ಈ ತನಕ ಯಾರೂ ಕರೆದದ್ದೇ ಇಲ್ಲ. ಅದು ಅಜ್ಜಿಯ ಹೆಸರು. ಹೆತ್ತ ತಾಯಿಯ ಹೆಸರನ್ನು ಅಪ್ಪ ಬಾಯಲ್ಲಿ ತರುವುದು ಹೇಗೆ? ಅವನು ನನ್ನನ್ನು 'ಇನ್ನಾ' ಎನ್ನುತ್ತಾನೆ, ಎಂದರೆ ಅಮ್ಮ. ತೊಟ್ಟಿಲಲ್ಲಿದ್ದಾಗಲೂ ನಾನು ನನ್ನಪ್ಪನ ಅಮ್ಮನಾಗಿದ್ದೆ. ಚಿಕ್ಕಪ್ಪಂದಿರಿಗೂ ಇನ್ನಾ, ಅವರ ಮಕ್ಕಳಿಗೂ ಇನ್ನಾ. ಅಜ್ಜಿಯೊಬ್ಬಳೇ ನಮ್ಮ ಕಡೆಯ ಎಲ್ಲ ಅಜ್ಜಿಯರ ಹಾಗೆ ಮೊಮ್ಮಗಳನ್ನು 'ಸವತಿ' ಎಂದು ಛೇಡಿಸುತ್ತಾಳೆ.

"ಏನೇ ಸವತಿ, ನನ್ನ ಗಂಡ ಸತ್ತು ಮಣ್ಣಾದ, ನೀನಿನ್ನೂ ಬಾಚ್ಕೊಂಡು ಯಾರಿಗೆ ಕಾಯ್ತಿದ್ದೀಯಾ?"

ಮಧ್ಯಾಹ್ನದ ಬಿಸಿಲಿಗೆ ಇಡೀ ಊರು ಮಲಗಿದಾಗ ಅವಳು ಹತ್ತಿ ನೂಲುತ್ತಾ ಅಸ್ಮಾಗಳ ಕಥೆ ಹೇಳುತ್ತಿದ್ದಳು. ನಾನು ಬೆಳೆದದ್ದು ಆ ನೂಲುವ ಸದ್ದಿನಲ್ಲೇ. ಗುಹೆಯಲ್ಲಿ ಅಡಗಿದ್ದ ಪ್ರವಾದಿಯವರಿಗೂ ತನ್ನ ತಂದೆಗೂ ಬುತ್ತಿ ಕೊಟ್ಟ ಮೊದಲ ಅಸ್ಮಾ. ಬುತ್ತಿ ಕಟ್ಟಲು ದಾರ ಸಿಗದೆ ತನ್ನ ನಡುಪಟ್ಟಿಯನ್ನೇ ಎರಡಾಗಿ ಸೀಳಿದವಳು. ಯೆಮೆನ್ ದೇಶದ ರಾಣಿ ಅಸ್ಮಾ. ಶತ್ರುಗಳು ಸೆರೆಯಲ್ಲಿಟ್ಟಾಗ ರೊಟ್ಟಿಯೊಳಗೆ ಸುದ್ದಿ ಬಚ್ಚಿಟ್ಟು ಮಗನಿಗೆ ಮುಟ್ಟಿಸಿದಳು ಎನ್ನುತ್ತಾರೆ. ಕೊನೆಗೆ ನಮ್ಮ ಸೊಕೊಟೊದ ಅಸ್ಮಾ, ಈ ರಾಜ್ಯ ಕಟ್ಟಿದ ಗುರು ಶೇಹುವಿನ ಮಗಳು, ಪದ್ಯ ಕಟ್ಟಿದವಳು. ಹಳ್ಳಿಹಳ್ಳಿಯ ಹೆಂಗಸರಿಗೆ ಓದು ಕಲಿಸಲು ಮುಂದಾಳು ಹೆಂಗಸರನ್ನು ಆರಿಸಿ, ಅವರ ತಲೆಗೆ ಗರಿಯ ದೊಡ್ಡ ಟೊಪ್ಪಿಗೆ ಇಟ್ಟವಳು.

ಅಂಥ ಒಂದು ಟೊಪ್ಪಿಗೆ ನಮ್ಮ ಮನೆಗೂ ಬಂದಿತ್ತು. ಅಜ್ಜಿಯ ಕೋಣೆಯ ಗೋಡೆಯ ಮೇಲೆ ತಲೆಮಾರುಗಳಿಂದ ತೂಗುತ್ತಿತ್ತು. ಮನೆಯಲ್ಲಿ ಯಾರಿಗೆ ಅಸ್ಮಾ ಎಂದು ಹೆಸರಿಡುತ್ತಾರೋ ಅವಳಿಗೆ ಆ ಟೊಪ್ಪಿಗೆ, ಅದರ ಜೊತೆಗೆ ಅಂಗಳದ ಚಾಪೆ, ಗುರುವಾರ ಪಾಠಕ್ಕೆ ಬರುವ ಹೆಂಗಸರು. ಈಗ ಅದಕ್ಕೆ ಗೆದ್ದಲು ಹಿಡಿದಿದೆ, ಅಜ್ಜಿಯ ಮಂಡಿಯೂ ಹೋಗಿದೆ. ಹೊಸ ಟೊಪ್ಪಿಗೆ ನನ್ನ ತಲೆಗೆ.

ಟೊಪ್ಪಿಗೆ ಮನೆ ಬಿಟ್ಟು ಹೋಗುವಂತಿಲ್ಲವಾದ್ದರಿಂದ ನಾನೂ ಹೋಗುವಂತಿಲ್ಲ. ಚಿಕ್ಕಪ್ಪನ ಮಗ ಮನ್ಸೂರುವಿಗೆ ನನ್ನನ್ನು ಕೊಡುವುದೆಂದು ಅಪ್ಪ ಮಾತು ಮುಗಿಸಿದ್ದ. ಅಂಗಳದ ಈ ಕಡೆಯ ಕೋಣೆಯಿಂದ ಆ ಕಡೆಯ ಕೋಣೆಗೆ ನನ್ನ ದಿಬ್ಬಣ. ಮನ್ಸೂರು ಕೆಟ್ಟವನಲ್ಲ. ಮೋಟಾರುಬೈಕು ಒರೆಸುತ್ತಾ, "ಇನ್ನಾ, ದೊಡ್ಡವರು ಹೇಳಿದ್ರೆ ಆಯ್ತಲ್ವಾ?" ಎಂದಿದ್ದ. ಗಂಡನಾಗುವವನೂ ನನ್ನನ್ನು ಅಮ್ಮ ಎಂದೇ ಕರೆಯುತ್ತಾನೆ. 

ಟೊಪ್ಪಿಗೆಯವನು ಮತ್ತೆ ಬಂದ. ಗರಿಯಲ್ಲಿ ಹೆಣೆದ ಬಳೆಯಂಥ ಸುತ್ತೊಂದನ್ನು ತಂದಿದ್ದ, ತಲೆಗೆ ಕೂರುತ್ತದೋ ನೋಡಲು. ಅಜ್ಜಿ ಮೂಲೆಯಲ್ಲಿ ತೂಕಡಿಸುತ್ತಿದ್ದಳು. ಅಥವಾ ಹಾಗೆ ತೋರಿಸುತ್ತಿದ್ದಳು.

"ನನ್ನ ಹೆಸರಲ್ಲಿ ಮುಳ್ಳಿದೆಯಾ? ಬಾಯಿಗೆ ಚುಚ್ಚುತ್ತಾ?" ಕೇಳಿಯೇಬಿಟ್ಟೆ.

ಅವನು ನಗಲಿಲ್ಲ. ನಗು ಬಂದು ತುಟಿಯ ಅಂಚಿನಲ್ಲಿ ನಿಂತುಕೊಂಡಿತ್ತು.

"ನಮ್ಮಮ್ಮನ ಹೆಸರು ಅದು," ಎಂದ.

ನಾನು ಸೆರಗು ಸರಿಮಾಡಿಕೊಂಡೆ, ಜಾರಿಲ್ಲದಿದ್ದರೂ. ನಮ್ಮ ಸೀಮೆಯಲ್ಲಿ ಯಾವ ಮಗನೂ ತಾಯಿಯ ಹೆಸರು ಹೇಳುವುದಿಲ್ಲ. ಸೊಕ್ಕು ಎಂದುಕೊಂಡದ್ದು ಅವನ ಮರ್ಯಾದೆಯಾಗಿತ್ತು.

"ಹಾಗಾದ್ರೆ ನನ್ನನ್ನ ಏನಂತ ಕರೀತೀರಿ?"

"ಸಣ್ಣ ತಲೆಯವರು ಅಂತ."

"ನನ್ನ ತಲೆ ಸಣ್ಣದಾ?"

"ಗರಿ ಉಳಿಯುತ್ತೆ. ನಮ್ಮಂಥ ಬಡ ಕಸುಬಿನವರಿಗೆ ಒಳ್ಳೇದೇ."

ಮೂಲೆಯಿಂದ ಅಜ್ಜಿ ಕೆಮ್ಮಿದಳು. ಆ ಕೆಮ್ಮಿನಲ್ಲಿ ನಗುವಿತ್ತು.

ಅವನ ಹೆಸರು ಜುನೈದು. ಊರು ಗೊರಿಬಾವಾ, ತಾಳೆಮರಗಳ ಹಳ್ಳಿ. ಒಂದು ಟೊಪ್ಪಿಗೆ ಹೆಣೆಯಲು ಅಷ್ಟು ಸಲ ಬರಬೇಕಾಗಿರಲಿಲ್ಲ, ಅದು ಅಜ್ಜಿಗೂ ಗೊತ್ತಿತ್ತು. ಅಂಚಿನ ಅಗಲ ಕೇಳಲು ಬಂದ. ಹಳೆಯ ಟೊಪ್ಪಿಗೆ ನೋಡಲು ಬಂದ. ಅದನ್ನು ಬೆಳಕಿಗೆ ಹಿಡಿದು ಅಂಚಿನ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತಿದ್ದ. ಬಂದಾಗಲೆಲ್ಲ ನನಗೊಂದು ಹೊಸ ಹೆಸರು. ಬೇವಿನ ನೆರಳು. ಮೂಗಿನ ತುದಿ ಕೋಪ. ಅಲಸಂದೆ ವಡೆ, ಅವತ್ತು ನನ್ನ ಕೈಗೆ ಹಿಟ್ಟು ಮೆತ್ತಿತ್ತು. ಒಂದೊಂದನ್ನೂ ಒಳಗೆ ಒಯ್ದು, ಮುಖ ತೊಳೆಯುವಾಗ ನೀರಿಗೆ ಹೇಳಿಕೊಳ್ಳುತ್ತಿದ್ದೆ. ಹುಟ್ಟಿದಾಗಿನಿಂದ ಬೇರೆಯವರ ಹೆಸರಿನಲ್ಲಿ ಬದುಕಿದವಳಿಗೆ ಅಷ್ಟೊಂದು ಹೆಸರು ಒಟ್ಟಿಗೆ ಸಿಕ್ಕರೆ ಏನಾಗಬೇಕು?

ಒಂದು ಬೆಳಿಗ್ಗೆ ಅವನ ಸೋದರಮಾವ ಗೋರೋ ಬೀಜದ ಬುಟ್ಟಿ ಹಿಡಿದು ಬಂದರು. ಹೆಣ್ಣು ಕೇಳಲು ಬರುವವರು ತರುವುದು ಅದನ್ನೇ. ಅಪ್ಪ ಮರ್ಯಾದೆಯಿಂದ ಕೂರಿಸಿ, ಮರ್ಯಾದೆಯಿಂದಲೇ ಬುಟ್ಟಿಯನ್ನು ಅವರ ಕಡೆ ಸರಿಸಿದ.

"ಹುಡುಗ ಚೆನ್ನಾಗಿದ್ದಾನೆ. ಆದ್ರೆ ಟೊಪ್ಪಿಗೆ ಮನೆ ಬಿಟ್ಟು ಹೋಗಲ್ಲ."

ಅಷ್ಟೇ. ಮುಟ್ಟದ ಗೋರೋ ಬೀಜ ವಾಪಸು ಹೋಯಿತು. ನಾನು ಗೋಡೆಯ ಈಚೆ ನಿಂತು ಬುಟ್ಟಿ ಎತ್ತುವ ಸದ್ದು ಕೇಳಿದೆ.

ಅಜ್ಜಿಯ ಹತ್ತಿರ ಹೋಗಿ ಅತ್ತೆ. ಅವಳು ನೂಲುವುದನ್ನು ನಿಲ್ಲಿಸಲಿಲ್ಲ.

"ನಾನೂ ಇದೇ ಅಂಗಳದಲ್ಲಿ ಮುದುಕಿ ಆದೆ ಸವತಿ. ಟೊಪ್ಪಿ ತಲೆಗೆ ಕೂರದೆ ಹೋದ್ರೆ ಮಾತ್ರ ಬಿಡುಗಡೆ. ಹಿಂದೊಬ್ಬಳಿಗೆ ಹಾಗಾಗಿ, ಟೊಪ್ಪಿನೂ ಹೆಸರನ್ನೂ ಅವಳ ತಂಗಿಗೆ ಕೊಟ್ರಂತೆ."

ನನ್ನ ಅಳು ಅಲ್ಲಿಗೇ ನಿಂತಿತು. ಯೆಮೆನ್ ರಾಣಿ ನೆನಪಾದಳು.

ಮರುದಿನ ಅಜ್ಜಿ ಕೊಟ್ಟದ್ದು ಅಂತ ಮನೆಯ ಹುಡುಗನೊಬ್ಬನ ಕೈಯಲ್ಲಿ ಜುನೈದುವಿಗೆ ಅಲಸಂದೆ ವಡೆ ಕಳಿಸಿದೆ. ಒಂದರೊಳಗೆ ಗರಿಯ ಎಳೆ ಸುತ್ತಿಟ್ಟಿದ್ದೆ, ನನ್ನ ತಲೆಗಿಂತ ಬಹಳ ದೊಡ್ಡ ಅಳತೆಯದು. ಟೊಪ್ಪಿಗೆ ನನ್ನ ಕಣ್ಣು ಮುಚ್ಚಿ, ಕಿವಿ ಮುಚ್ಚಿ, ಹೆಗಲಿಗೆ ಬೀಳಬೇಕು. ಇವಳಿಗಲ್ಲ ಅಂತ ಎಲ್ಲರೂ ಅನ್ನಬೇಕು.

ಅವನು ಬಂದಾಗ ಕೆನ್ನೆ ಹಿಡಿದುಕೊಂಡಿದ್ದ.

"ಹಲ್ಲಿಗೆ ಸಿಕ್ಕಿತು," ಎಂದ. "ಒಂದು ಹಲ್ಲು ಅಲ್ಲಾಡ್ತಿದೆ."

"ಅರ್ಥ ಆಯ್ತಾ?"

"ಆಯ್ತು." ಎಳೆಯನ್ನು ನನ್ನ ಮುಂದೆ ಚಾಪೆಯ ಮೇಲಿಟ್ಟ. "ನನ್ನಿಂದ ಆಗಲ್ಲ."

"ಯಾಕೆ?"

"ನಿನ್ನ ತಲೆಗೆ ಕೂರದ ಟೊಪ್ಪಿನ ನನ್ನ ಕೈಯಲ್ಲಿ ಹೆಣೆಯೋಕೆ ಆಗಲ್ಲ. ಮಾಡಿ ನೋಡಿದೆ. ಬೆರಳು ತಾನಾಗೇ ನಿನ್ನ ಅಳತೆಗೆ ವಾಪಸು ಬರುತ್ತೆ."

ಮೊದಲ ಸಲ 'ನೀನು' ಎಂದಿದ್ದ. ಆ 'ನೀನು'ವನ್ನು ಅನುಭವಿಸುವಷ್ಟು ತಾಳ್ಮೆ ನನಗಿರಲಿಲ್ಲ.

"ಹಾಗಾದ್ರೆ ಚೆನ್ನಾಗಿ ಹೆಣಿ. ನನ್ನನ್ನ ಮುಚ್ಚಿಡೋ ಬುಟ್ಟಿ ತಾನೇ ಅದು? ಸಂದಿಲ್ಲದ ಹಾಗೆ ಹೆಣಿ."

ಅವನು ತಲೆಯೆತ್ತಿ ನೋಡಿದ. ಏನೋ ಹೇಳಬೇಕೆಂದು ಬಾಯಿ ತೆರೆದ. ನಾನು ಎದ್ದು ಒಳಗೆ ಹೋದೆ.

ಗುರುವಾರ ಅಂಗಳ ತುಂಬ ಹೆಂಗಸರು. ತಲೆಬಾಗಿಲ ಕೋಣೆಯಲ್ಲಿ ಅಪ್ಪ, ಚಿಕ್ಕಪ್ಪಂದಿರು, ಮನ್ಸೂರು. ಜುನೈದು ಟೊಪ್ಪಿಗೆಯನ್ನು ಬಟ್ಟೆ ಸುತ್ತಿ ಕೊಟ್ಟು ಹೊರಗೆ ಬೇವಿನ ಕೆಳಗೆ ನಿಂತಿದ್ದಾನೆ ಎಂದು ಯಾರೋ ಹೇಳಿದರು. ನಾನು ಕೇಳಿಸದವಳ ಹಾಗೆ ಕೂತೆ.

ಅಜ್ಜಿ ಟೊಪ್ಪಿಗೆಯನ್ನು ನನ್ನ ತಲೆಗಿಟ್ಟಳು.

ಕೂತಿತು. ಎರಡು ಅಂಗೈ ತಲೆಯನ್ನು ಮೆಲ್ಲಗೆ ಹಿಡಿದ ಹಾಗೆ ಕೂತಿತು. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ನನಗೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದಂತಾಯಿತು.

ಆಗ ಎರಡೂ ಕೆನ್ನೆಗೆ ಏನೋ ತಾಕಿತು. ಟೊಪ್ಪಿಗೆಯ ಒಳಗೆ ಮಡಚಿಟ್ಟಿದ್ದ ಎರಡು ದಾರಗಳು ಬಿಚ್ಚಿಕೊಂಡು ಜೋತುಬಿದ್ದಿದ್ದವು.

"ಇದೇನೇ ಇದು, ಕುದುರೆಗೆ ಲಗಾಮು ಹಾಕ್ದಂಗಿದೆ," ಎಂದಳು ತಲಾತು. ಅಜ್ಜಿಯ ಹಳೆಯ ಶಿಷ್ಯೆ ಅವಳು, ಬಾಯಿಗೆ ಬೀಗವಿಲ್ಲ. ಎಲ್ಲರೂ ನಕ್ಕರು.

ಅಜ್ಜಿ ನಗಲಿಲ್ಲ. ಪಕ್ಕದಲ್ಲಿಟ್ಟಿದ್ದ ಹಳೆಯ ಟೊಪ್ಪಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡು ಅಂಚು ತಡವಿದಳು. ಅಲ್ಲಿ ಎರಡು ತೂತು. ಗೆದ್ದಲು ಕೊರೆದದ್ದಲ್ಲ, ದಾರ ಎಳೆದೆಳೆದು ಸವೆದು ನುಣುಪಾದವು.

ನಾನು ದಾರಗಳನ್ನು ಗದ್ದದ ಕೆಳಗೆ ಸೇರಿಸಿ ಹಿಡಿದೆ. ಜುನೈದು ಹೇಳಬೇಕೆಂದಿದ್ದ, ನಾನು ಕೇಳದೆ ಎದ್ದುಬಂದಿದ್ದ ಮಾತು ಗದ್ದದ ಕೆಳಗೆ ಸಿಕ್ಕಿತು.

"ಅಜ್ಜಿ," ಎಂದೆ, "ಅಂಗಳದಲ್ಲಿ ಕೂತು ಪಾಠ ಹೇಳೋಳಿಗೆ ಇಷ್ಟು ಅಗಲದ ಟೊಪ್ಪಿ ಯಾಕೆ? ಇಲ್ಲಿ ನೆರಳಿದೆ. ಗದ್ದಕ್ಕೆ ದಾರ ಯಾಕೆ? ಇಲ್ಲಿ ಗಾಳಿ ಇಲ್ಲ."

ಹೆಂಗಸರು ಅಜ್ಜಿಯ ಕಡೆ ತಿರುಗಿದರು.

"ನನ್ನಜ್ಜಿ ಹೇಳ್ತಿದ್ದಳು," ಎಂದಳು ಅಜ್ಜಿ ನಿಧಾನವಾಗಿ. "ಇದನ್ನ ಮೊದಲು ಇಟ್ಕೊಂಡೋಳು ಮನೇಲಿ ಇರ್ತಾನೇ ಇರ್ಲಿಲ್ಲವಂತೆ. ಹಳ್ಳಿಯಿಂದ ಹಳ್ಳಿಗೆ ನಡೀತಿದ್ದಳು. ಬಿಳಿಯರ ಸೈನ್ಯ ಬಂದ ವರ್ಷ ಹೆದರ್ಕೊಂಡು ಟೊಪ್ಪಿನ ಒಳಗೆ ತಂದ್ರು. ಆಮೇಲೆ ಯಾರೂ ಆಚೆ ತಗೊಂಡು ಹೋಗ್ಲಿಲ್ಲ."

"ನಾನು ತಗೊಂಡು ಹೋಗ್ತೀನಿ. ಗೊರಿಬಾವಾದಲ್ಲಿ ಹೆಂಗಸರಿಗೆ ಓದಿಸೋರು ಯಾರೂ ಇಲ್ಲ. ಇಲ್ಲಿ ತಲಾತುಗೆ ಪದ್ಯವೆಲ್ಲ ಬಾಯಿಪಾಠ. ಚಾಪೆ ಅವಳಿಗಿರಲಿ."

"ನನ್ನ ಹೆಸರು ಅದಲ್ಲವಲ್ಲೇ," ಎಂದಳು ತಲಾತು. ಅವಳ ದನಿ ಮೊದಲ ಸಲ ಸಣ್ಣದಾಗಿತ್ತು.

"ಪದ್ಯ ಬರುತ್ತಲ್ಲ," ಎಂದೆ.

ಗೋಡೆಯಾಚೆಯಿಂದ ಅಪ್ಪನ ದನಿ ಬಂತು. "ಇನ್ನಾ, ಏನು ಮಾತು ಅದು?"

"ಯಾವ ಇನ್ನಾನ ಕೇಳ್ತಿದ್ದೀಯೋ?" ಅಜ್ಜಿ ಕೂತಲ್ಲಿಂದಲೇ ಕೂಗಿದಳು. "ಇಲ್ಲಿ ಇಬ್ಬರಿದ್ದೀವಿ."

ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಅವಳನ್ನ ಅಮ್ಮ ಅಂತ ಕರೆದೋನು ನೀನೇ. ಅಮ್ಮ ಹೋಗ್ತೀನಿ ಅಂದ್ರೆ ತಡೆಯೋದು ಯಾವ ಮನೆ ಪದ್ಧತಿ? ಸಾಲದು ಅಂದ್ರೆ ನಾನೂ ಹೇಳ್ತೀನಿ, ಅವಳು ಹೋಗ್ಲಿ."

ಅಪ್ಪ ಗಂಟಲು ಸರಿಮಾಡಿಕೊಂಡು, "ಆಯ್ತಮ್ಮ, ಹೋಗ್ಲಿ," ಎಂದ. ಅಷ್ಟು ವರ್ಷ ನನ್ನನ್ನು ಗೋಡೆಯ ಹಾಗೆ ಸುತ್ತುಗಟ್ಟಿದ್ದ ಹೆಸರು, ಅವತ್ತು ಬಾಗಿಲಿನ ಹಾಗೆ ತೆರೆದುಕೊಂಡಿತು.

"ನಾನೂ ಬದುಕ್ಕೊಂಡೆ ಇನ್ನಾ," ಎಂದು ಮನ್ಸೂರು ಆಚೆಯಿಂದ ಹೇಳಿದ. ಅವನ ಅಪ್ಪ ಅವನ ತಲೆಗೆ ಕೊಟ್ಟ ಏಟು ನಮಗೆಲ್ಲ ಕೇಳಿಸಿತು.

ಗೋರೋ ಬೀಜದ ಬುಟ್ಟಿ ಮತ್ತೆ ಬಂತು. ಈ ಸಲ ಅಪ್ಪ ಒಂದು ಬೀಜ ಮುರಿದು ಬಾಯಿಗೆ ಹಾಕಿಕೊಂಡ. ಅದರ ಕಹಿಗೋ ಏನೋ, ಕಣ್ಣು ಒರೆಸಿಕೊಂಡ.

ಮದುವೆಗೆ ಮುಂಚೆ ಜುನೈದು ಒಮ್ಮೆ ತಲೆಬಾಗಿಲ ಕೋಣೆಗೆ ಬಂದ. ದಾರದ ತುದಿಗೆ ಇನ್ನೂ ಗಂಟು ಹಾಕಿಲ್ಲ ಎಂದ. ಅಜ್ಜಿ ಮೂಲೆಯಲ್ಲಿ ತೂಕಡಿಸಲು ಶುರುಮಾಡಿದಳು.

"ಬುಟ್ಟಿ ಅಂದೆಯಲ್ಲ ಅವತ್ತು," ಎಂದ. "ರಾತ್ರಿಯೆಲ್ಲ ನಿದ್ದೆ ಬರಲಿಲ್ಲ."

"ಬಾಯಿಬಿಟ್ಟು ಹೇಳಬೇಕಿತ್ತು."

"ನೀನು ಕೂತು ಕೇಳಬೇಕಿತ್ತು, ಮೂಗಿನ ತುದಿ ಕೋಪ."

ಟೊಪ್ಪಿಗೆಯನ್ನು ಅವನ ಮುಂದೆ ಇಟ್ಟೆ. ಅವನು ದಾರವನ್ನು ಬೆರಳಿಗೆ ಸುತ್ತಿಕೊಂಡು ತಡೆದ.

"ಹೆಸರು ಹೇಳದೆ ಗಂಟು ಹಾಕೋ ಹಾಗಿಲ್ಲ. ಅಮ್ಮನ ಹತ್ರ ಅಪ್ಪಣೆ ಕೇಳ್ಕೊಂಡು ಬಂದಿದ್ದೀನಿ."

"ಏನಂದ್ರು?"

"ನಕ್ಕರು. ಒಂದೇ ಒಂದು ಸಲ, ಅಂದ್ರು. ಆಮೇಲೆ ಜನ್ಮದಲ್ಲಿ ಇಲ್ಲ."

ಹೊರಗೆ ಬೇವಿನಲ್ಲಿ ಗಾಳಿಯಾಡಿತು. ಅವನು ದಾರದ ಮೇಲೆ ತಲೆ ಬಗ್ಗಿಸಿದ. ರೆಪ್ಪೆಯ ಮೇಲೆ ಇವತ್ತೂ ಗರಿಯ ಪುಡಿ. ಗಂಟು ಬಿಗಿಯುತ್ತಾ, ಬಿಸಿ ಹಾಲು ಊದುವವನ ಹಾಗೆ ಮೆಲ್ಲಗೆ ಹೇಳಿದ:

"ಅಸ್ಮಾ."

ಗುಹೆಯ ದಾರಿಯಲ್ಲಿದ್ದವಳನ್ನಲ್ಲ, ಯೆಮೆನ್ನಿನ ರಾಣಿಯನ್ನಲ್ಲ, ಪದ್ಯ ಕಟ್ಟಿದವಳನ್ನಲ್ಲ, ಮೂಲೆಯಲ್ಲಿ ಕಣ್ಣು ಮುಚ್ಚಿ ಕಿವಿ ತೆರೆದು ಕೂತಿದ್ದವಳನ್ನೂ ಅಲ್ಲ. ನನ್ನನ್ನು.

ನಾನು ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡೆ.  ಆಮೇಲೆ ಹೇಳಿದೆ:

"ಕೇಳಿಸಲಿಲ್ಲ."